ಒಕ್ಕಣ್ಣನ ಹಸಿರು ಗೆರೆ

ಆ ಮನೆಯಲ್ಲಿ ಒಕ್ಕಣ್ಣ ಎಂದರೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಏಕೆಂದರೆ ಒಕ್ಕಣ್ಣ ಮನುಷ್ಯನಲ್ಲ. ಅದೊಂದು ಹಳೆಯ ಆಸಿಲೋಸ್ಕೋಪ್, ವಿದ್ಯುತ್ತಿನ ಏರಿಳಿತವನ್ನು ಹಸಿರು ಗೆರೆಯಾಗಿ ಬರೆದು ತೋರಿಸುವ ಯಂತ್ರ. ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ಮುಂದೆ ಒಂದೇ ಒಂದು ದುಂಡು ಗಾಜು, ಅದರ ಕೆಳಗೆ ಸಾಲಾಗಿ ಕಪ್ಪು ತಿರುಪುಗಳು. ಎತ್ತಲು ಇಬ್ಬರು ಬೇಕು, ಇಳಿಸಲು ಮೂವರು. ಇಳಿಸುವಾಗ ಒಬ್ಬರಾದರೂ ಪಕ್ಕದಲ್ಲಿ ನಿಂತು "ಮೆಲ್ಲಗೆ, ಮೆಲ್ಲಗೆ" ಎಂದು ಕೂಗಬೇಕು. ಆ ಕೆಲಸ ಮಾವನದು.

ಈಗ ಒಕ್ಕಣ್ಣ ಸೊಸೆಯ ಕೆಲಸದ ಮೇಜಿನ ಮೇಲೆ ಕುಳಿತಿತ್ತು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಆಸ್ಪತ್ರೆ, ಕಾಲೇಜು, ಸಣ್ಣ ಕಾರ್ಖಾನೆ, ಎಲ್ಲ ಕಡೆಯ ಕೆಟ್ಟ ಮೀಟರುಗಳೂ ಅವಳ ಹತ್ತಿರವೇ ಬರುತ್ತಿದ್ದವು. ಆ ಬೀದಿಯಲ್ಲಿ ಅವಳ ಹೆಸರೇ ಮೀಟರಮ್ಮ. ಕೆಲಸ ಕಲಿಸಿದವರು ಮಾವ. ಅವರಿಗೆ ಮಗನಿಗೆ ಕಲಿಸುವ ಆಸೆಯಿತ್ತು. ಮಗನೋ ವಿದ್ಯುತ್ತೆಂದರೆ ಮಾರು ದೂರ. ಅಷ್ಟುದ್ದದ ಬಸ್ಸನ್ನು ಇಷ್ಟಗಲದ ಸಂದಿಯಲ್ಲಿ ತಿರುಗಿಸುವ ಗಂಡಸು, ಮನೆಯಲ್ಲಿ ಬಲ್ಬು ಬದಲಿಸಬೇಕೆಂದರೆ ಹೆಂಡತಿಯನ್ನು ಕರೆಯುತ್ತಿದ್ದ. ಹಾಗಾಗಿ ವಿದ್ಯೆಯೆಲ್ಲ ಸೊಸೆಯ ಪಾಲಾಯಿತು. ಮಾವನಿಗೆ ಅದರಿಂದ ನಷ್ಟವೇನೂ ಆಗಲಿಲ್ಲ, ಬೈಸಿಕೊಂಡೂ ನಗುವ ಶಿಷ್ಯೆ ಸಿಕ್ಕಿದ್ದಳು.

ಒಕ್ಕಣ್ಣ ಅಟ್ಟದಿಂದ ಮೇಜಿಗೆ ಇಳಿದು ಬಂದದ್ದಕ್ಕೆ ಕಾರಣ ಮಾವನ ಕಣ್ಣು. ಒಂದು ಕಣ್ಣು ಹಿಂದೆಯೇ ಕೈಕೊಟ್ಟಿತ್ತು. ಇನ್ನೊಂದು ಈ ವರ್ಷ ಅದೇ ದಾರಿ ಹಿಡಿಯಿತು. ಕಣ್ಣಿನ ಡಾಕ್ಟರು ಕಾಗದದ ಮೇಲೆ ಒಂದು ಮುಖ ಬರೆದು, ಅದರ ನಡುವೆ ಮಸಿ ಬಳಿದು ತೋರಿಸಿದರು.

"ಪೂರ್ತಿ ಕತ್ತಲೆ ಆಗಲ್ಲ, ಹೆದರ್ಬೇಡಿ. ಅಂಚು ಉಳಿಯುತ್ತೆ, ನಡು ಹೋಗುತ್ತೆ. ಈಗಿಂದಲೇ ಪಕ್ಕಕ್ಕೆ ನೋಡೋದನ್ನ ಅಭ್ಯಾಸ ಮಾಡ್ಕೊಳ್ಳಿ. ಏನು ನೋಡ್ಬೇಕೋ ಅದರ ಬದಿಗೆ ದೃಷ್ಟಿ ಇಟ್ರೆ, ಅದು ಕಣ್ಣಂಚಲ್ಲಿ ಕಾಣ್ಸುತ್ತೆ."

"ನಾನೇನು ಕಳ್ಳನೇನ್ರೀ, ಓರೆಗಣ್ಣಲ್ಲಿ ನೋಡೋಕೆ?" ಎಂದು ಮಾವ ಎದ್ದುಬಿಟ್ಟರು. "ಇಷ್ಟು ವರ್ಷ ಯಾರನ್ನೇ ಆಗ್ಲಿ ನೆಟ್ಟಗೆ ನೋಡಿದವನು ನಾನು. ಇನ್ನೂ ಹಾಗೇ ನೋಡ್ತೀನಿ."

ಕಾಣದಿದ್ದರೂ ನೆಟ್ಟಗೇ ನೋಡುತ್ತೇನೆ ಎನ್ನುವ ಈ ಹಟಕ್ಕೆ ಡಾಕ್ಟರ ಹತ್ತಿರ ಮದ್ದಿರಲಿಲ್ಲ. ಮನೆಗೆ ಬಂದ ಮೇಲೆ ಮಾವ ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಾ, ಯಾರಿಗೋ ಹೇಳಿದ ಹಾಗೆ ಅಂದರು, "ಆ ಗೆರೆ ಒಂದ್ಸಲ ನೋಡ್ಬೇಕಿತ್ತು ಕಣಮ್ಮಾ. ಅಷ್ಟೇ."

ಜೀವಮಾನದಲ್ಲಿ ಯಾರನ್ನೂ ಏನನ್ನೂ ಕೇಳದ ಮನುಷ್ಯ ಅವರು. ಸಾರಿಗೆ ಉಪ್ಪು ಕಡಿಮೆಯಾದರೂ ಕೇಳದೆ ಉಣ್ಣುವವರು. ಅಂಥವರು ಒಂದನ್ನು ಕೇಳಿದರೆ ಇಲ್ಲ ಅನ್ನುವುದು ಹೇಗೆ? ಮರುದಿನ ಬೆಳಿಗ್ಗೆ ಸೊಸೆ ಗಂಡನನ್ನೂ ಪಕ್ಕದ ಮನೆಯ ದರ್ಜಿಯನ್ನೂ ಅಟ್ಟ ಹತ್ತಿಸಿದಳು.

ಯಾವ ಗೆರೆ, ಏಕೆ ಆ ಗೆರೆಯೇ ಬೇಕು ಎಂದು ಯಾರೂ ಕೇಳಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ ಅದು. ಅತ್ತೆ ಬದುಕಿದ್ದಾಗ ಬಂದವರಿಗೆಲ್ಲ ಹೇಳುತ್ತಿದ್ದರು, ಹೇಳುವಾಗಲೆಲ್ಲ ಮಾವ ಏನೋ ನೆಪ ಮಾಡಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಈ ಪೆಟ್ಟಿಗೆಗಳನ್ನು ಮಾಡುತ್ತಿದ್ದ ಕಾರ್ಖಾನೆಯಲ್ಲಿ ಅತ್ತೆಗೆ ತಂತಿ ಕಟ್ಟುವ ವಿಭಾಗದಲ್ಲಿ ಕೆಲಸ. ಪೆಟ್ಟಿಗೆಯೊಳಗೆ ಹತ್ತಾರು ತಂತಿಗಳು ಓಡಾಡುತ್ತವಲ್ಲ, ಅವು ಚೆಲ್ಲಾಪಿಲ್ಲಿಯಾಗದ ಹಾಗೆ ಕಂತೆ ಮಾಡಿ, ಮೇಣ ಹಚ್ಚಿದ ದಾರದಿಂದ ಉದ್ದಕ್ಕೂ ಗಂಟು ಗಂಟಾಗಿ ಬಿಗಿಯಬೇಕು. ಒಳ್ಳೆಯ ಕೈಯಾದರೆ ಅದು ಬಿಗಿದು ಹೆಣೆದ ಜಡೆಯ ಹಾಗೆ ಕಾಣುತ್ತದೆ. ಮಾವ ಪರೀಕ್ಷೆಯ ವಿಭಾಗದಲ್ಲಿದ್ದರು. ಒಂದು ದಿನ ಅತ್ತೆ ಕಟ್ಟಿದ ಪೆಟ್ಟಿಗೆ ಅವರ ಮೇಜಿಗೆ ಬಂತು. ಎಲ್ಲ ಸರಿಯಾಗಿತ್ತು. ಮಾವ "ತಪ್ಪಿದೆ" ಎಂದು ವಾಪಸು ಕಳಿಸಿದರು. ಅತ್ತೆ ಹುಡುಕಿದರು, ತಪ್ಪು ಸಿಗಲಿಲ್ಲ, ತಿರುಗಿ ಕಳಿಸಿದರು. ಮಾವ ಮತ್ತೆ "ತಪ್ಪಿದೆ" ಎಂದರು. ಮೂರನೇ ಸಲ ಪೆಟ್ಟಿಗೆಯ ಹಿಂದೆಯೇ ಅತ್ತೆಯೂ ಬಂದರು, ಸೊಂಟದ ಮೇಲೆ ಕೈಯಿಟ್ಟುಕೊಂಡು. "ತೋರ್ಸಿ ನೋಡೋಣ, ಎಲ್ಲಿದೆ ತಪ್ಪು?" ಇಡೀ ವಿಭಾಗ ಕೆಲಸ ಬಿಟ್ಟು ಕಿವಿ ನೆಟ್ಟಗೆ ಮಾಡಿಕೊಂಡಿತು. ಮಾವ ತಿರುಪು ತಿರುಗಿಸಿದರು. ಗಾಜಿನ ಮೇಲೆ ಹಸಿರು ಗೆರೆ ಈ ತುದಿಯಿಂದ ಆ ತುದಿಗೆ ಕೂದಲೆಳೆಯಷ್ಟೂ ಅಲುಗದೆ ನಿಂತಿತು. ಮಾವ ಗೆರೆಯನ್ನು ನೋಡಿದರು, ಅತ್ತೆಯನ್ನು ನೋಡಿದರು, "ತಪ್ಪು ಪೆಟ್ಟಿಗೇಲಿಲ್ಲ" ಎಂದರು. ಮದುವೆಯಾಗಲು ಆ ಮಾತೊಂದೇ ಸಾಕಾಯಿತಂತೆ.

ಪಾಪದ ಪೆಟ್ಟಿಗೆ ಮಾತ್ರ ಕೆಟ್ಟ ಹೆಸರು ಹೊತ್ತುಕೊಂಡಿತು. ಎರಡು ಸಲ ವಾಪಸಾದದ್ದನ್ನು ಯಾರು ಕೊಳ್ಳುತ್ತಾರೆ? ಅದು ಮಾವನ ಮೇಜಿನಲ್ಲೇ ಉಳಿಯಿತು, ಕಾರ್ಖಾನೆ ಮುಚ್ಚಿದಾಗ ಅವರ ಜೊತೆ ಮನೆಗೆ ಬಂತು. ಅತ್ತೆ ಹಾಸಿಗೆ ಹಿಡಿದ ವರ್ಷ ಅದೂ ಮಂಕಾಗಿ ನಿಂತುಹೋಯಿತು. ಅವರು ಹೋದ ಮೇಲೆ ಮಾವ ಅದನ್ನು ಅಟ್ಟಕ್ಕೆ ಹಾಕಿಸಿ, ಮೇಲೊಂದು ಹಾಸುಬಟ್ಟೆ ಹೊದಿಸಿದರು.

ಅದರ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಮುಚ್ಚಿಹೋದ ಆ ಕಾರ್ಖಾನೆಯ ಒಂದು ಕಟ್ಟಡವನ್ನು ಸಂಗ್ರಹಾಲಯ ಮಾಡುತ್ತಿದ್ದರು. ಅದನ್ನು ನೋಡಿಕೊಳ್ಳುವ ಮೇಡಂ, ತೆಳ್ಳಗಿನ, ಮೆಲುದನಿಯ ಹೆಂಗಸು, ಬಿಳಿ ಕೈಗವಸು ಹಾಕಿಕೊಳ್ಳದೆ ಏನನ್ನೂ ಮುಟ್ಟುತ್ತಿರಲಿಲ್ಲ. ತಿಂಗಳ ಹಿಂದೆ ಬಂದಾಗ ಅಟ್ಟ ಹತ್ತಿ ಒಕ್ಕಣ್ಣನನ್ನು ನೋಡಿದವಳು ಇಳಿಯಲು ಮನಸ್ಸೇ ಮಾಡಲಿಲ್ಲ. ಮಾವ ಕೊಡುತ್ತೇನೆ ಎಂದು ಒಪ್ಪಿದ್ದರು.

"ಒಂದೇ ಒಂದು ಕೋರಿಕೆ," ಎಂದಿದ್ದಳು ಮೇಡಂ ಸೊಸೆಯ ಕಡೆ ತಿರುಗಿ. ಯಾರಿಂದ ಅಪಾಯವೆಂದು ಅವಳಿಗೆ ಗೊತ್ತಾಗಿತ್ತು. "ದಯವಿಟ್ಟು ರಿಪೇರಿ ಮಾಡ್ಬೇಡಿ. ಧೂಳನ್ನೂ ಒರೆಸ್ಬೇಡಿ."

"ಧೂಳೂ ಬೇಕಾ ಮೇಡಂ? ಹಾಗಾದ್ರೆ ಅಟ್ಟಾನೂ ತಗೊಂಡು ಹೋಗಿ, ಬೇಕಾದಷ್ಟಿದೆ."

ಮೇಡಂ ನಕ್ಕಳು, ಆದರೆ ಬಿಡಲಿಲ್ಲ. "ನೀವು ಒಂದು ಭಾಗ ಬದಲಿಸಿದ್ರೆ ಅದು ಕೆಲಸ ಮಾಡ್ಬಹುದು. ಆದ್ರೆ ಅದನ್ನ ಮಾಡಿದವರ ಕೈಗುರುತು ಒಂದು ಹೋಯ್ತು. ಮತ್ತೆ ಬರಲ್ಲ."

"ಕೆಲಸ ಮಾಡದೆ ಕೂತಿರೋದು ಯಂತ್ರ ಹೇಗಾಗುತ್ತೆ? ಹೆಣ ಅಲಂಕಾರ ಮಾಡಿ ಕೂರಿಸಿದ ಹಾಗಲ್ವಾ?" ಎಂದಿದ್ದಳು ಸೊಸೆ. ಮಾತು ಸ್ವಲ್ಪ ಖಾರವಾಯಿತೆಂದು ಆಮೇಲೆ ಅನ್ನಿಸಿ, ಎರಡನೇ ಲೋಟ ಟೀ ಕೊಟ್ಟು ಕಳಿಸಿದ್ದಳು. ಮುಂದಿನ ತಿಂಗಳ ಕೊನೆಗೆ ಬರುತ್ತೇನೆಂದು ಹೇಳಿ ಮೇಡಂ ಹೋಗಿದ್ದಳು. ಡಾಕ್ಟರ ಮಾತು ಕೇಳಿದ್ದು ಅದಾದ ಮೇಲೆ.

ಮಾವನ ಮಾತು ಒಂದು ಕಡೆ, ಮೇಡಂ ಮಾತು ಇನ್ನೊಂದು ಕಡೆ ಇಟ್ಟು ತೂಗುವ ಅಗತ್ಯ ಸೊಸೆಗೆ ಕಾಣಲಿಲ್ಲ. ಪೆಟ್ಟಿಗೆಯ ಹೊದಿಕೆ ಬಿಚ್ಚಿದಳು. ಒಳಗಿಂದ ಹಳೆಯ ಮೇಣದ, ಸುಟ್ಟ ಧೂಳಿನ ವಾಸನೆ ಬಂತು. ವಿದ್ಯುತ್ತನ್ನು ಹಿಡಿದಿಡುವ ಕೊಳವೆಗಳಾದ ಕೆಪ್ಯಾಸಿಟರುಗಳೆಲ್ಲ ಹೊಟ್ಟೆ ಊದಿಸಿಕೊಂಡು ಕುಳಿತಿದ್ದವು. ಮೇಡಂಗೆ ಅಷ್ಟಾದರೂ ಮರ್ಯಾದೆ ಕೊಡೋಣವೆಂದು, ಹಳೆಯ ಕೊಳವೆಗಳನ್ನು ಕೊರೆದು ಖಾಲಿ ಮಾಡಿ, ಹೊಸ ಪುಟ್ಟ ಕೆಪ್ಯಾಸಿಟರುಗಳನ್ನು ಅವುಗಳೊಳಗೇ ಅಡಗಿಸಿ ಕೂರಿಸಿದಳು. ಹೊರಗಿಂದ ನೋಡಿದರೆ ಹಳೆಯದೇ. ಬೆಣ್ಣೆಯಿಂದ ಕೂದಲು ತೆಗೆದಂಥ ಆ ಕೆಲಸಕ್ಕೆ ಒಂದು ವಾರ ಹಿಡಿಯಿತು.

ಆಮೇಲೆ ತಂತಿಗಳ ಸರದಿ. ದೊಡ್ಡ ವೋಲ್ಟೇಜು ಹೊರುವ ತಂತಿಗಳ ರಬ್ಬರು ಕವಚ ಒಣಗಿ, ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಹಾಗೇ ಕರೆಂಟು ಕೊಟ್ಟರೆ ಒಳಗೆ ಕಿಡಿ ಹಾರಿ ಎಲ್ಲ ಭಸ್ಮ. ಅವುಗಳನ್ನು ಹೊರಗೆಳೆಯಬೇಕು, ಎಳೆಯಬೇಕಾದರೆ ಕಂತೆ ಬಿಚ್ಚಬೇಕು. ಇಂಥ ಕಂತೆಗಳನ್ನು ಅವಳು ಲೆಕ್ಕವಿಲ್ಲದಷ್ಟು ಬಿಚ್ಚಿದ್ದಾಳೆ. ಅವಳ ಕೈ ತಲೆಯನ್ನು ಕೇಳಿ ಕೆಲಸ ಮಾಡುವ ಕಾಲ ಎಂದೋ ಹೋಗಿತ್ತು. ಬಾಯಲ್ಲಿ ಯಾವುದೋ ಹಾಡು ಗುನುಗುತ್ತಾ ಕಟ್ಟರ್ ತೆಗೆದು ದಾರವನ್ನು ಚಕ್ಕನೆ ಕತ್ತರಿಸಿದಳು. ಒಂದು ಗಂಟು ಬಿಟ್ಟಿತು. ಅದರ ಪಕ್ಕದ್ದು ಜಾರಿತು, ಅದರಾಚೆಯದೂ ಸಡಿಲವಾಗಿ ಕಳಚಿಕೊಂಡಿತು. ದಾರದ ತುಂಡು ಅವಳ ಅಂಗೈಗೆ ಬಿತ್ತು.

ಹಾಡು ನಿಂತುಹೋಯಿತು. ಇದನ್ನು ಕಟ್ಟಿದವರು ಯಾರು ಎನ್ನುವುದು ಆಗ ನೆನಪಾಯಿತು ಅವಳಿಗೆ. ಅದೇ ಕೈ ತನ್ನ ಮೊದಲ ಹೆರಿಗೆಯಲ್ಲಿ ಬೆನ್ನು ನೀವಿದ್ದು, ಅದೇ ಕೈ ಮನೆಯ ಪರದೆಯಿಂದ ಹಿಡಿದು ಹಳೇ ಬಟ್ಟೆಯ ಮೂಟೆಯವರೆಗೂ ಬಿಗಿದು ಕಟ್ಟಿದ್ದು. ಮೇಡಂ ಬಾಯಿ ಬಿಟ್ಟು ಹೇಳಿದ್ದಳು, ಕೈಗುರುತು ಎಂದು. ತಾನು ಅಟ್ಟದ ಜೋಕು ಹೊಡೆದಿದ್ದಳು.

ಮುಚ್ಚಿಡಬಹುದಿತ್ತು. ಇನ್ನೊಂದು ದಾರ ಕಟ್ಟಿ ಸುಮ್ಮನಿದ್ದರೆ, ಕಣ್ಣು ಕಾಣದ ಮುದುಕರಿಗೆ ಏನು ತಿಳಿಯುತ್ತದೆ? ಆ ಯೋಚನೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಮಧ್ಯಾಹ್ನ ಟೀ ಲೋಟದ ಜೊತೆ ದಾರದ ತುಂಡುಗಳನ್ನೂ ತೆಗೆದುಕೊಂಡು ಹೋಗಿ ಮಾವನ ಮುಂದೆ ನೆಲದ ಮೇಲೆ ಕುಳಿತಳು.

"ಮಾವ, ಒಂದು ತಪ್ಪಾಗೋಯ್ತು. ಅತ್ತೆ ಕಟ್ಟಿದ ಗಂಟು ಕತ್ತರಿಸ್ಬಿಟ್ಟೆ."

ಮಾವ ಕೈ ಚಾಚಿದರು. ಅವಳು ದಾರವನ್ನು ಅಂಗೈ ಮೇಲಿಟ್ಟಳು. ಅವರು ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದರು, ಗಂಟಿನ ಗುರುತು ಸಿಕ್ಕಿದ ಕಡೆ ಉಗುರಿನಿಂದ ಕೆದಕಿದರು.

"ಒಂದು ಕತ್ತರಿಸಿದ್ರೆ ಪಕ್ಕದ್ದೂ ಜಾರ್ತಾ?"

"ಹೂಂ. ಸಾಲಾಗಿ ಜಾರಿಹೋಯ್ತು."

ಮಾವನ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾರೆಂದು ಗಾಬರಿಯಾಗಿ ಸೊಸೆ ತಲೆಯೆತ್ತಿದರೆ, ಮನುಷ್ಯ ನಗುತ್ತಿದ್ದಾರೆ.

"ಅಯ್ಯೋ ಹುಚ್ಚಿ. ಇದು ನಂದು! ಹಿಂದೊಂದ್ಸಲ ಟ್ರಾನ್ಸ್‌ಫಾರ್ಮರ್ ಹೋದಾಗ ನಾನೂ ನಿನ್ನ ಹಾಗೇ ಕಚಕ್ಕಂತ ಕತ್ತರಿಸಿ, ಆಮೇಲೆ ನನಗೆ ಬಂದ ಹಾಗೆ ಕಟ್ಟಿದ್ದೆ. ಅವಳು ನೋಡಿ ಏನಂದ್ಲು ಗೊತ್ತಾ? 'ಇದೇನ್ರೀ, ಗಂಟಾ ಇಲ್ಲ ಗಂಟಿನ ಪಾಪದ ಕೂಸಾ?' ಅಂತ. ಅವಳ ಗಂಟು ಹೀಗೆ ಜಾರಲ್ಲಮ್ಮ. ಒಂದನ್ನ ಕತ್ತರಿಸಿದ್ರೆ ಒಂದೇ ಹೋಗುತ್ತೆ. ಪಕ್ಕದ್ದಕ್ಕೆ ಸುದ್ದೀನೂ ಮುಟ್ಟಲ್ಲ. ಅದೇ ಅವಳ ಕೆಲಸದ ಮರ್ಮ."

ಸೊಸೆ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದಳು. ಮಾವ ಅವಳ ಭುಜ ಹಿಡಿದು ಎದ್ದು ಮೇಜಿನ ಹತ್ತಿರ ಬಂದರು. ಪೆಟ್ಟಿಗೆಯೊಳಗೆ ಕೈ ಇಳಿಸಿದರು. ಅವಳು ಎಲ್ಲೆಲ್ಲಿ ಗಾಜಿದೆ, ಎಲ್ಲೆಲ್ಲಿ ಚೂಪಾದ ತುದಿಯಿದೆ ಎಂದು ಹೇಳುತ್ತಿದ್ದಳು, ಅದರ ಅಗತ್ಯ ಅವರಿಗಿರಲಿಲ್ಲ. ಬೆರಳುಗಳು ಬಿಚ್ಚಿದ ಭಾಗವನ್ನು ದಾಟಿ, ಕಂತೆ ಬಾಗಿ ತಗಡಿನ ಕೆಳಗೆ ನುಸುಳುವ ಕಡೆಗೆ ಹೋದವು. ಅಲ್ಲಿ ನಿಂತವು.

"ಇದು ಅವಳು," ಎಂದರು.

ಹೆಬ್ಬೆರಳು ಒಂದು ಗಂಟಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮುಂದಿನದಕ್ಕೆ ಸರಿಯಿತು. ಅಷ್ಟು ದಿನ ಸತ್ತ ಹೆಂಡತಿಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ ಮನುಷ್ಯ ಕಣ್ಣು ಮುಚ್ಚಿಕೊಂಡು ಅಲ್ಲೇ ನಿಂತಿದ್ದರು. ಸೊಸೆ ಅವರ ಮುಖವನ್ನು ನೋಡಲಾರದೆ ಮೇಜಿನ ಮೇಲಿದ್ದ ತಿರುಪುಮೊಳೆಗಳನ್ನು ಡಬ್ಬಿಗೆ ತುಂಬಿಸತೊಡಗಿದಳು.

"ಕೊಳೆತ ತಂತಿ ಈ ಭಾಗದಲ್ಲೂ ಇದೆಯಾ?" ಎಂದು ಕೇಳಿದರು ಕೊನೆಗೆ.

ಇಲ್ಲ ಎನ್ನಲು ಅವಳಿಗೆ ಎಷ್ಟು ಆಸೆಯಿತ್ತು! "ಇದೆ ಮಾವ. ತುದಿವರೆಗೂ ಇದೆ. ತೆಗೀಬೇಕಾದ್ರೆ ಎಲ್ಲ ಗಂಟೂ ಕತ್ತರಿಸ್ಬೇಕು."

"ಹಾಗಾದ್ರೆ ಮುಚ್ಚಿಬಿಡು."

"ಗೆರೆ?"

"ಗೆರೆ ಬೇಕಾದಷ್ಟು ನೋಡಿದ್ದೀನಿ ಬಿಡು." ಹಾಗೆಂದು ತಿರುಗಿ ಒಳಗೆ ಹೊರಟರು. ಬಾಗಿಲಿರುವ ಕಡೆ ನೆಟ್ಟಗೆ ನೋಡುತ್ತಲೇ ನಡೆದು ಚೌಕಟ್ಟಿಗೆ ಹಣೆ ಬಡಿಸಿಕೊಂಡರು. "ಏನಾಗಿಲ್ಲ, ಏನಾಗಿಲ್ಲ," ಎಂದು ಗೋಡೆ ಸವರಿಕೊಂಡು ಹೋದರು.

ಸೊಸೆ ಹೊದಿಕೆ ಮುಚ್ಚಲಿಲ್ಲ. ಮುಚ್ಚಿದರೆ ಅವರು ಕೈಯಿಡುವುದೆಲ್ಲಿ? ಮಾವ ದಿನವೂ ಊಟವಾದ ಮೇಲೆ ಬಂದು ಸ್ಟೂಲಿನ ಮೇಲೆ ಕುಳಿತು ಕೈಯನ್ನು ಪೆಟ್ಟಿಗೆಯೊಳಗೆ ಇಳಿಸಿಕೊಳ್ಳುತ್ತಿದ್ದರು. ಅವಳು ಪಕ್ಕದಲ್ಲಿ ಆಸ್ಪತ್ರೆಯ ಮೀಟರುಗಳನ್ನು ಸರಿಮಾಡುತ್ತಿದ್ದಳು. ನಡುನಡುವೆ ಮಾತು. ಅತ್ತೆಯ ಬಗ್ಗೆ ಅವರು ಆಡಿದಷ್ಟು ಮಾತನ್ನು ಅವಳು ಮದುವೆಯಾಗಿ ಬಂದಾಗಿನಿಂದ ಕೇಳಿರಲಿಲ್ಲ. ಅತ್ತೆ ಊಟದ ಬಿಡುವಿನಲ್ಲಿ ಗಂಟು ಹಾಕುವ ದಾರದಿಂದಲೇ ಹಲ್ಲಿನ ಸಂದಿ ಚೊಕ್ಕ ಮಾಡಿಕೊಳ್ಳುತ್ತಿದ್ದರಂತೆ. ಕೋಪ ಬಂದ ದಿನ ಗಂಟುಗಳು ಒತ್ತೊತ್ತಾಗಿ ಬೀಳುತ್ತಿದ್ದವಂತೆ.

"ಇಲ್ಲಿ ನೋಡು, ಎಷ್ಟು ಒತ್ತಾಗಿದೆ. ಇವತ್ತು ಯಾರ ಮೇಲೋ ಸಿಟ್ಟಾಗಿದ್ದಾಳೆ," ಎಂದು ಮಾವ ಇಂದಿನ ಮಾತೇ ಅನ್ನುವ ಹಾಗೆ ಹೇಳುವರು.

ಇಷ್ಟಾದರೂ ಸೊಸೆಗೆ ಸಮಾಧಾನವಿರಲಿಲ್ಲ. ಕಣ್ಣು ದಿನದಿನಕ್ಕೆ ಇಳಿಯುತ್ತಿತ್ತು. ಮಾವ ಲೋಟವನ್ನು ಮೇಜಿನ ಮೇಲಿಟ್ಟೆನೆಂದುಕೊಂಡು ಗಾಳಿಯಲ್ಲಿ ಬಿಟ್ಟರು. ಬಾಗಿಲಲ್ಲಿ ನಿಂತ ಸ್ವಂತ ಮಗನನ್ನು "ಯಾರು ಬೇಕಾಗಿತ್ತು?" ಎಂದು ಕೇಳಿದರು. ಮಗ ನಕ್ಕು, "ನೀವೇ ಬೇಕಾಗಿತ್ತು" ಎಂದ. ಒಳಗೆ ಬಂದು ಹೆಂಡತಿಯ ಹತ್ತಿರ ಮಾತ್ರ, "ಏನಾದ್ರೂ ಮಾಡೇ," ಎಂದ. "ಅವರಿಗೆ ಹೇಳ್ದೆ ಮಾಡ್ಬಿಡು." ಒಂದು ಮಧ್ಯಾಹ್ನ ಮಾವ ಮಲಗಿದ್ದಾಗ ಅವಳು ಕಟ್ಟರ್ ಎತ್ತಿಯೂ ಎತ್ತಿದಳು. ಗೆರೆ ತೋರಿಸಿ ಗಂಟು ಕಳೆದರೆ ಅವರ ಕೈ ಆಮೇಲೆ ಏನನ್ನು ಹುಡುಕುತ್ತದೆ? ಗಂಟು ಉಳಿಸಿ ಗೆರೆ ತಪ್ಪಿಸಿದರೆ, ಅವರು ಬಾಯಿ ಬಿಟ್ಟು ಕೇಳಿದ ಒಂದೇ ಒಂದನ್ನು ಕೊಡದ ಹಾಗಾಯಿತು. ಕಟ್ಟರನ್ನು ಕೆಳಗಿಟ್ಟಳು.

ತಿಂಗಳ ಕೊನೆಗೆ ಮೇಡಂ ಬಂದಳು. ಬಿಚ್ಚಿಟ್ಟ ಪೆಟ್ಟಿಗೆ ಕಂಡು ಅವಳ ಮುಖ ಬಾಡಿತು.

"ಬೈಯಿರಿ ಮೇಡಂ, ಬೈಸ್ಕೊಳ್ಳೋಕೆ ತಯಾರಾಗೇ ಕೂತಿದ್ದೀನಿ," ಎಂದಳು ಸೊಸೆ. ಕೆಪ್ಯಾಸಿಟರುಗಳ ಗುಟ್ಟನ್ನೂ, ಕಣ್ಣಿನ ವಿಷಯವನ್ನೂ, ಕತ್ತರಿಸಿದ ಗಂಟನ್ನೂ, ಕತ್ತರಿಸದೆ ಉಳಿದ ಗಂಟುಗಳನ್ನೂ ಒಂದೇ ಉಸಿರಿಗೆ ಒದರಿಬಿಟ್ಟಳು. ಮೇಡಂ ಬೈಯಲಿಲ್ಲ. ಪುಟ್ಟ ಟಾರ್ಚು ಹಿಡಿದು ಪೆಟ್ಟಿಗೆಯೊಳಗೆ ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ಸ್ಟೂಲಿನ ಮೇಲಿದ್ದ ಮಾವನ ಕಡೆ ತಿರುಗಿ, "ಅಮ್ಮಾವ್ರು ಕಟ್ಟಿದ್ದನ್ನ ನಾನೊಂದ್ಸಲ ಮುಟ್ಲಾ?" ಎಂದು ಕೇಳಿದಳು. ಮಾವ ತಲೆಯಾಡಿಸಿದರು. ಅವಳು ಬಿಳಿ ಕೈಗವಸು ಕಳಚಿ ಬರಿಗೈಯಲ್ಲಿ ಮುಟ್ಟಿದಳು. ಅಲ್ಲಿಗೆ ಸೊಸೆಗೆ ಅವಳ ಮೇಲಿದ್ದ ಅಷ್ಟಿಷ್ಟು ಮುನಿಸೂ ಹೋಯಿತು.

"ಒಂದು ಕೇಳ್ಲಾ?" ಎಂದಳು ಮೇಡಂ. "ಹಳೇ ತಂತೀನ ತೆಗೀಲೇಬೇಕು ಅಂತ ಯಾಕೆ?"

"ಕೊಳೆತಿದೆಯಲ್ಲ!"

"ಕೊಳೆತಿರ್ಲಿ. ಎರಡೂ ತುದಿಯ ಬೆಸುಗೆ ಬಿಡಿಸ್ಬಿಡಿ, ಅದು ಕಂತೆಯೊಳಗೇ ಸುಮ್ನೆ ಮಲಗಿರುತ್ತೆ. ಕರೆಂಟೇ ಹರಿಯದ ಮೇಲೆ ಕೊಳೆತ್ರೇನು, ಬಿಟ್ರೇನು? ಹೊಸ ತಂತೀನ ಪಕ್ಕದಲ್ಲಿ ಬೇರೆ ಕಂತೆ ಮಾಡಿ ಎಳೀರಿ. ನಾಳೆ ಯಾರಾದ್ರೂ ಬೇಡ ಅಂದ್ರೆ, ಹಳೇದಕ್ಕೆ ಏನೂ ಆಗದ ಹಾಗೆ ತೆಗೆಯೋಕೆ ಬರ್ಬೇಕು. ನಮ್ಮಲ್ಲಿ ಹಾಗೇ ಮಾಡೋದು."

ಸೊಸೆ ಹಣೆ ಚಚ್ಚಿಕೊಂಡಳು. ಇಷ್ಟು ಸುಲಭದ್ದು ತನಗೇಕೆ ಹೊಳೆಯಲಿಲ್ಲ? ಹೊಳೆಯುವುದು ಹೇಗೆ? ರಿಪೇರಿಯವರಿಗೆ ಕೆಟ್ಟದ್ದನ್ನು ಒಳಗೇ ಬಿಟ್ಟು ಹೊಸದನ್ನು ಹಾಕುವುದೆಂದರೆ ತೊಳೆಯದ ತಟ್ಟೆಗೆ ಊಟ ಬಡಿಸಿದ ಹಾಗೆ. ಯಾರಾದರೂ ಹಾಗೆ ಮಾಡಿದ್ದು ಕಂಡರೆ ಮಾವನೂ ಅವಳೂ ಸೇರಿ ಆ ಮಹಾನುಭಾವನ ವಂಶವನ್ನೆಲ್ಲ ಬೈಯುತ್ತಿದ್ದರು. ಅವಳು ಮಾವನ ಮುಖ ನೋಡಿದಳು.

"ಮಾಡು," ಎಂದರು ಮಾವ. ಸ್ವಲ್ಪ ತಡೆದು, "ಯಾರಿಗೂ ಹೇಳ್ಬೇಡ," ಎಂದರು.

ಹೊಸ ತಂತಿಗಳು ಬಂದವು, ಅಳತೆ ನೋಡಿ ಕತ್ತರಿಸಿದ್ದಾಯಿತು, ಹಳೆಯ ಕಂತೆಯ ಮಗ್ಗುಲಲ್ಲೇ ಹೊಸ ಕಂತೆ ಮಲಗಿತು. ಕಟ್ಟುವ ಹೊತ್ತಿಗೆ ಮಾವ, "ದಾರ ಇಲ್ಲಿ ಕೊಡು," ಎಂದರು. ಅತ್ತೆಯ ಹೊಲಿಗೆಯ ಡಬ್ಬಿಯಲ್ಲಿ ಆ ಮೇಣದ ದಾರದ ಉಂಡೆ ಇನ್ನೂ ಇತ್ತು. ಮಾವ ಎಡಗೈಯನ್ನು ಅತ್ತೆಯ ಗಂಟಿನ ಮೇಲಿಟ್ಟು, ದಾರ ಎಲ್ಲಿಂದ ಬಂದು ಯಾವುದರ ಕೆಳಗೆ ತೂರಿ ಎತ್ತ ಹೋಗಿದೆ ಎಂದು ಉಗುರಿನಿಂದ ಓದಿಕೊಂಡು, ಬಲಗೈಯಲ್ಲಿ ಹಾಗೇ ಕಟ್ಟತೊಡಗಿದರು. ಮೊದಲನೆಯದು ಜಾರಿತು. ಎರಡನೆಯದೂ ಜಾರಿತು. ಸೊಸೆ ಸಹಾಯಕ್ಕೆ ಕೈ ಹಾಕಿದರೆ ಏಟು ಬಿತ್ತು. ಒಂದು ಗಂಟಿಗೆ ಒಂದು ಗಳಿಗೆ, ಇನ್ನೊಂದಕ್ಕೆ ಇನ್ನೊಂದು, ಹೀಗೆ ಎಷ್ಟೋ ದಿನ ಹಿಡಿಯಿತು. ಅವಳ ಎದೆಯೊಳಗೆ ಡಾಕ್ಟರು ಆ ಚಿತ್ರದಲ್ಲಿ ಬಳಿದ ಮಸಿ ಹರಡುತ್ತಲೇ ಇತ್ತು. ಬೇಗ ಮಾಡಿ ಎನ್ನಲು ಬಾಯಿ ಬರಲಿಲ್ಲ, ಏಕೆಂದರೆ ಅವರ ಮುಖ ಅಷ್ಟು ಹಗುರಾಗಿದ್ದನ್ನು ಅವಳು ನೋಡಿಯೇ ಇರಲಿಲ್ಲ.

ಕೊನೆಯ ಗಂಟು ಬಿಗಿದು ಮಾವ ಹಿಂದಕ್ಕೆ ಸರಿದರು. "ನಡುವೆ ಒಂದನ್ನ ಕತ್ತರಿಸು."

"ಏನು ಮಾವ? ಇಷ್ಟು ಕಷ್ಟಪಟ್ಟು ಕಟ್ಟಿ..."

"ಕತ್ತರಿಸು ಅಂದ್ನಲ್ಲ."

ಅವಳು ಕತ್ತರಿಸಿದಳು. ಒಂದು ಗಂಟು ಬಿಟ್ಟಿತು. ಎಡಗಡೆಯದು ಅಲುಗಲಿಲ್ಲ, ಬಲಗಡೆಯದೂ ಅಲುಗಲಿಲ್ಲ. ಮಾವ ಎರಡನ್ನೂ ಮುಟ್ಟಿ ನೋಡಿ, ಪೆಟ್ಟಿಗೆಯೊಳಗೆ ಯಾರೋ ಇದ್ದಾರೆ ಎಂಬಂತೆ ಅದರ ಕಡೆ ಬಾಗಿ, "ಈಗೇನಂತೀಯಾ?" ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಕರೆಂಟು ಕೊಡುವುದೆಂದಾಯಿತು. ಸೊಸೆ ಕಿಟಕಿಯ ಪರದೆ ಎಳೆದಳು. ಮಗ ರಜೆ ಹಾಕಿ ಬಾಗಿಲ ಹೊರಗೆ ನಿಂತಿದ್ದ, ಕೈಯಲ್ಲೊಂದು ಒಣಗಿದ ಮರದ ಕೋಲು ಹಿಡಿದು. ಯಾರಾದರೂ ತಂತಿಗೆ ಅಂಟಿಕೊಂಡರೆ ಹೊಡೆದು ಬಿಡಿಸುವುದಕ್ಕಂತೆ. ಮಾವ ಪೆಟ್ಟಿಗೆಯ ಎದುರು ಸ್ಟೂಲಿನ ಮೇಲೆ, ಪರೀಕ್ಷೆಯ ವಿಭಾಗದಲ್ಲಿ ಕೂರುತ್ತಿದ್ದ ಹಾಗೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಸೊಸೆ ಸ್ವಿಚ್ಚು ಒತ್ತಿದಳು. ಒಳಗೆ ಗಾಜಿನ ವಾಲ್ವುಗಳು ಒಂದೊಂದಾಗಿ ಕೆಂಪಗಾದವು. ಹಳೆಯ ಯಂತ್ರ, ಮೈ ಕಾಯಲು ಸಮಯ ತೆಗೆದುಕೊಂಡಿತು. ಮೊದಲು ಗಾಜಿನ ನಡುವೆ ಒಂದು ಮಬ್ಬು. ಮಬ್ಬು ಚುಕ್ಕೆಯಾಯಿತು. ಚುಕ್ಕೆ ಎರಡೂ ಕಡೆಗೆ ಚಾಚಿಕೊಂಡು ಹಸಿರು ಗೆರೆಯಾಗಿ ನಿಂತಿತು.

"ಬಂತು ಮಾವ! ಬಂತು!"

ಮಾವ ನೆಟ್ಟಗೆ ಗಾಜನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಎಲ್ಲಿ?"

ಅವಳು ಬೆಳಕಿನ ತಿರುಪು ಹೆಚ್ಚಿಸಿದಳು. ಗೆರೆ ಉರಿಯುವಷ್ಟು ಪ್ರಖರವಾಯಿತು. ಮಾವ ಮುಂದಕ್ಕೆ ಬಾಗಿದರು, ಹಿಂದಕ್ಕೆ ಸರಿದರು, ಕಣ್ಣುಜ್ಜಿಕೊಂಡರು.

"ಇಲ್ಲಮ್ಮ. ಏನೂ ಇಲ್ಲ. ಕಪ್ಪಗೊಂದು ತೂತಿದೆ ಅಷ್ಟೇ." ಆಮೇಲೆ ಮೆಲ್ಲಗೆ, "ನಾನೇ ತಡ ಮಾಡಿದೆ. ಗಂಟು ಕಟ್ತಾ ಕೂತೆ. ಹೋಗ್ಲಿ ಬಿಡು, ನೀನು ನೋಡಿದ್ಯಲ್ಲ," ಎಂದರು.

ಸೊಸೆ ಪೆಟ್ಟಿಗೆಯ ಬಲಬದಿಗಿದ್ದ ಕುರ್ಚಿಯಲ್ಲಿ ಕುಸಿದು ಕುಳಿತಳು. ದಾರಕ್ಕೆ, ಮೇಡಂಗೆ, ಹಟಕ್ಕೆ, ತನ್ನ ಚೊಕ್ಕ ಕೆಲಸದ ಹುಚ್ಚಿಗೆ, ಎಲ್ಲಕ್ಕೂ ಕಳೆದ ದಿನಗಳು ಒಮ್ಮೆಗೇ ನೆನಪಾಗಿ, ತಡೆಯುತ್ತೇನೆಂದುಕೊಂಡ ಅಳು ತಡೆಯಲಾಗದೆ ಹೊರಗೆ ಬಂತು.

"ಏಯ್, ಅಳ್ತಿದ್ದೀಯಾ?" ಮಾವ ದನಿ ಬಂದ ಕಡೆಗೆ ತಟ್ಟನೆ ಮುಖ ತಿರುಗಿಸಿದರು. "ಅಳ್ಬೇಡ ಮಗಳೇ, ನಾನೇನು..."

ಮಾತು ಅಲ್ಲೇ ನಿಂತಿತು. ಅವರು ಕೈಯನ್ನು ಮೆಲ್ಲಗೆ ಮೇಲೆತ್ತಿ, ಯಾರೂ ಉಸಿರಾಡಬೇಡಿ ಎನ್ನುವಂತೆ ಹಿಡಿದರು. ಕತ್ತು ತಿರುಗಿಸಲಿಲ್ಲ. ಸೊಸೆಯ ಮುಖವನ್ನೇ, ಅವರಿಗೆ ಕಾಣದ ಆ ಮುಖವನ್ನೇ, ರೆಪ್ಪೆ ಬಡಿಯದೆ ನೋಡುತ್ತಿದ್ದರು.

"ಗೆರೆ ಬಲಗಡೆ ಸ್ವಲ್ಪ ಇಳಿದಿದೆ," ಎಂದರು. "ಗೆರೆ ಮೂಡೋ ಟ್ಯೂಬನ್ನ ಒಂದು ಕೂದಲಷ್ಟು ತಿರುಗಿಸ್ಬೇಕು. ಅವಳು ಬಂದ ದಿನ ಹೀಗಿರ್ಲಿಲ್ಲ, ನೆಟ್ಟಗಿತ್ತು."

ಸೊಸೆ ಗಾಜಿನ ಕಡೆ ನೋಡಿದಳು. ನಿಜ, ಗೆರೆ ಬಲತುದಿಯಲ್ಲಿ ಒಂದಿಷ್ಟೇ ಇಳಿದಿತ್ತು. ಅವಳ ಗಮನಕ್ಕೂ ಬಂದಿರಲಿಲ್ಲ. ಸರಿಮಾಡಲು ಎದ್ದಳು.

"ಏಳ್ಬೇಡ," ಎಂದರು ಮಾವ ಗಾಬರಿಯಿಂದ. ಅವರ ಎರಡೂ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಆಮೇಲೆ ಸರಿಮಾಡು. ನಿನ್ನ ನೋಡಿದ್ರೇನೇ ಅದು ಕಾಣೋದು."

ಸೊಸೆ ಕಣ್ಣೊರೆಸಿಕೊಳ್ಳಲು ಎತ್ತಿದ ಕೈಯನ್ನೂ ಕೆಳಗಿಳಿಸಿ, ಹಾಗೇ ಕುಳಿತಳು.